ನೇತ್ರ ಸಹಾಯಕರಾಗಬೇಕೇ? ಮೊದಲು ಆರು ಮೀಟರ್ ಅಳೆಯಿರಿ

ಮಂಡ್ಯ, ಮೈಸೂರು ಸುತ್ತಮುತ್ತ ಕಣ್ಣಿನ ಕ್ಯಾಂಪ್ ನಡೆದಾಗ ನೇತ್ರ ಸಹಾಯಕ ತರಬೇತಿಯ ಹುಡುಗ ಹುಡುಗಿಯರು ಮೊದಲು ಓಡುವುದು ಕನ್ನಡಕದ ನಂಬರ್ ತೋರಿಸುವ ಮೆಷಿನ್ ಇಟ್ಟಿರುವ ಮೇಜಿನ ಕಡೆಗೆ. ಚಾರ್ಟ್ ಓದಿಸುವ ಕೆಲಸ ಯಾರಿಗೂ ಬೇಡ. ಅಕ್ಷರ ತೋರಿಸಿ ಬರೆದುಕೊಂಡರೆ ಆಯ್ತಲ್ವಾ ಅನ್ನುತ್ತಾರೆ. ತಪ್ಪಾಗುವುದು ಅಲ್ಲೇ. ಡಾಕ್ಟರ್ ಮೊದಲು ನೋಡುವುದು ಚೀಟಿಯಲ್ಲಿರುವ ಆ ಅಂಕಿಯನ್ನೇ. ಕನ್ನಡಕ ಸಾಕಾ, ಪೊರೆಯ ಆಪರೇಷನ್ ಬೇಕಾ ಎಂಬ ಯೋಚನೆ ಅಲ್ಲಿಂದಲೇ ಶುರು.

ಕೋರ್ಸಿಗೆ ಸೇರುವುದು ಕಷ್ಟವಲ್ಲ. ಎಸ್ಸೆಸ್ಸೆಲ್ಸಿ ಆದವರಿಗೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಇದೆ. ಪಿಯುಸಿ ವಿಜ್ಞಾನ ಓದಿದವರು ಆಪ್ಟೊಮೆಟ್ರಿ, ಅಂದರೆ ದೃಷ್ಟಿ ಪರೀಕ್ಷೆಯ ಡಿಗ್ರಿಗೂ ಹೋಗಬಹುದು. ಫೀಸು ಕಟ್ಟುವ ಮೊದಲು ಬೋರ್ಡಿನ ಮಾನ್ಯತೆ ಇದೆಯಾ ನೋಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ದಿನ ಓಪಿಡಿಯಲ್ಲಿ ನಿಲ್ಲಿಸುತ್ತೀರಿ? ಉತ್ತರ ತಡವರಿಸಿದರೆ ಬೇರೆ ಕಾಲೇಜು ಹುಡುಕಿ. ರೋಗಿಗಳನ್ನು ನೋಡದೆ ಈ ಕೆಲಸ ಕೈಗೆ ಹತ್ತುವುದಿಲ್ಲ.

ಈಗ ಚಾರ್ಟ್. ಗೋಡೆಗೆ ಅಂಟಿಸುವ ಮೊದಲು ಸ್ಕೇಲ್ ಹಿಡಿಯಿರಿ. ಆರು ಮೀಟರ್ ದೂರದಿಂದ ಓದಿಸುವ ಸ್ನೆಲೆನ್ ಅಕ್ಷರದ ಚಾರ್ಟಿನಲ್ಲಿ ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರ ಸುಮಾರು 87 ಮಿಲಿಮೀಟರ್ ಎತ್ತರ ಇರಬೇಕು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಚಾರ್ಟ್ ಕುಗ್ಗಿರುತ್ತದೆ, ಅದನ್ನು ಬಳಸಲೇಬೇಡಿ. ಮೊಬೈಲ್ ಆ್ಯಪ್ ಕೂಡ ಬೇಡ. ಕೆಲವು ಚಾರ್ಟ್ ಮೂರು ಮೀಟರಿಗೆ ಮಾಡಿದವು. ಅದನ್ನು ಆರು ಮೀಟರಿನಲ್ಲಿ ತೂಗುಹಾಕಿದರೆ ಚೆನ್ನಾಗಿ ಕಾಣುವವರಿಗೂ ದೃಷ್ಟಿ ಕಮ್ಮಿ ಅಂತ ಬರುತ್ತದೆ. ಕೋಣೆ ಚಿಕ್ಕದಾದರೆ ಮೂರು ಮೀಟರಿನಲ್ಲಿ ಕನ್ನಡಿ ಇಟ್ಟು, ರೋಗಿಯ ತಲೆಯ ಹಿಂದೆ ತಿರುವುಮುರುವು ಅಕ್ಷರದ ಚಾರ್ಟ್ ಹಾಕಿ. ದೂರವನ್ನು ಟೇಪಿನಲ್ಲೇ ಅಳೆಯಿರಿ, ಹೆಜ್ಜೆ ಎಣಿಸಬೇಡಿ.

ಬಲಗಣ್ಣು ಮೊದಲು. ಎಡಗಣ್ಣನ್ನು ಮುಚ್ಚುವ ತಟ್ಟೆ ನಿಮ್ಮ ಕೈಯಲ್ಲೇ ಇರಲಿ. ರೋಗಿಗೆ ಬಿಟ್ಟರೆ ಬೆರಳಿನ ಸಂದಿಯಿಂದ ನೋಡುತ್ತಾರೆ. ಇಲ್ಲವೇ ಅಂಗೈಯಿಂದ ಒತ್ತಿ ಹಿಡಿಯುತ್ತಾರೆ, ಆಮೇಲೆ ಆ ಕಣ್ಣು ಕೊಂಚ ಹೊತ್ತು ಮಂಜಾಗಿರುತ್ತದೆ. ಮಳವಳ್ಳಿ ಕಡೆಯ ಒಬ್ಬರು ಅಜ್ಜಿಯ ಚೀಟಿಯಲ್ಲಿ ಎರಡೂ ಕಣ್ಣಿಗೆ 6/9 ಅಂತ ಬರೆದಿತ್ತು (ಮೇಲಿನ ಅಂಕಿ ರೋಗಿ ಇರುವ ದೂರ, ಕೆಳಗಿನದು ಒಳ್ಳೆಯ ಕಣ್ಣು ಅದೇ ಸಾಲನ್ನು ಓದಬಲ್ಲ ದೂರ, ಎರಡೂ ಮೀಟರಿನಲ್ಲಿ). ಟಾರ್ಚ್ ಬಿಟ್ಟರೆ ಬಲಗಣ್ಣಿನ ಪಾಪೆ ಹಾಲಿನ ಹಾಗೆ ಬಿಳಿ. ನಾನೇ ಕೂರಿಸಿ ತಟ್ಟೆ ಹಿಡಿದೆ. "ಏನೂ ಕಾಣಾಕಿಲ್ಲ ಕಣಪ್ಪ, ಬರೀ ಮಬ್ಬು" ಅಂದರು. ಒಂದು ಮೀಟರಿನಲ್ಲಿ ಬೆರಳು ಎಣಿಸಲೂ ಆಗಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಓದು ಅಂದರು, ಕಂಡ ಕಣ್ಣಿನಿಂದ ಓದಿದ್ದರು, ಅಷ್ಟೇ.

ಕಣ್ಣು ಕಿರಿದು ಮಾಡಲು ಬಿಡಬೇಡಿ. ಸಾಲಿನಲ್ಲಿ ಕಾಯುವ ಮಕ್ಕಳು ಚಾರ್ಟನ್ನು ಬಾಯಿಪಾಠ ಮಾಡಿರುತ್ತಾರೆ, ಅವರಿಗೆ ಸಾಲನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿಸಿ. ಓದು ಬರದವರಿಗೆ ಇಂಗ್ಲಿಷಿನ 'E' ಅಕ್ಷರವನ್ನು ಬೇರೆ ಬೇರೆ ಕಡೆ ತಿರುಗಿಸಿದ ಚಾರ್ಟ್ ಹಾಕಿ, "ಕಾಲು ಯಾವ ಕಡೆಗಿದೆ, ಕೈಯಲ್ಲಿ ತೋರಿಸಿ ಅವ್ವಾ" ಅನ್ನಿ. ಮೇಲಿನ ಅಕ್ಷರವೂ ಕಾಣದಿದ್ದರೆ ಅಲ್ಲಿಗೇ ಬಿಡುವ ಹಾಗಿಲ್ಲ. ಒಂದೊಂದು ಮೀಟರ್ ಹತ್ತಿರ ಬರಬೇಕು: 5/60, 4/60, ಹೀಗೆ 1/60ರವರೆಗೆ. ಆಮೇಲೆ ಬೆರಳು ಎಣಿಕೆ, ಕೈ ಆಡಿಸುವುದು, ಕೊನೆಗೆ ಬೆಳಕು ಕಾಣುತ್ತದಾ, ಯಾವ ದಿಕ್ಕಿನಿಂದ ಬರುತ್ತಿದೆ ಅಂತ. ಸುಸ್ತಾದರೂ ಇದನ್ನು ಬಿಡಬೇಡಿ. 2017ರಿಂದ ದೇಶದ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಲೆಕ್ಕದಲ್ಲಿ, ಎರಡರಲ್ಲಿ ಚೆನ್ನಾಗಿ ಕಾಣುವ ಕಣ್ಣಿನಲ್ಲೂ ದೃಷ್ಟಿ 3/60ಕ್ಕಿಂತ ಕಮ್ಮಿ ಇದ್ದರೆ ಅದು ಅಂಧತ್ವ. ಸುಮ್ನೆ ಅಂದಾಜಿನಲ್ಲಿ ಬರೆಯುವ ಅಂಕಿ ಅಲ್ಲ ಅದು.

6/6 ಬರದಿದ್ದರೆ ಪಿನ್‌ಹೋಲ್ ಇಡಿ. ಸಣ್ಣ ತೂತಿನಿಂದ ನೋಡಿದಾಗ ಸಾಲು ಮುಂದಕ್ಕೆ ಹೋದರೆ ಬಹುಪಾಲು ಕನ್ನಡಕದ ತೊಂದರೆ. ಹೋಗದಿದ್ದರೆ ಪೊರೆಯೋ ನರವೋ, ಡಾಕ್ಟರ್ ನೋಡಬೇಕು. ಕನ್ನಡಕ ಹಾಕಿದ್ದರಾ ಇಲ್ಲವಾ ಅನ್ನುವುದನ್ನೂ ಬರೆಯಿರಿ.

ಮುಂದಿನದು ರೆಟಿನೋಸ್ಕೋಪ್, ಕಣ್ಣಿಗೆ ಬೆಳಕಿನ ಪಟ್ಟಿ ಬಿಟ್ಟು ಕನ್ನಡಕದ ನಂಬರ್ ಕಂಡುಹಿಡಿಯುವ ಕೈ ಉಪಕರಣ. ಆಟೋ ಮೆಷಿನ್ ಇದೆಯಲ್ಲ ಅಂತ ಇದನ್ನು ಕಲಿಯದವರು ಜಾಸ್ತಿ. ಮಕ್ಕಳು ಮೆಷಿನ್ ಒಳಗೆ ನೋಡುವಾಗ ಕಣ್ಣು ಬಿಗಿ ಹಿಡಿಯುತ್ತಾರೆ, ಇಲ್ಲದ ಮೈನಸ್ ಬರುತ್ತದೆ. ರೆಟಿನೋಸ್ಕೋಪಿಗೆ 66 ಸೆಂಟಿಮೀಟರ್ ಉದ್ದದ ದಾರ ಕಟ್ಟಿಕೊಳ್ಳಿ. ಆ ದೂರಕ್ಕೆ ಬಂದ ನಂಬರಿನಿಂದ 1.50 ಕಳೆಯಬೇಕು. ಗೊತ್ತಾಗದೆ 50 ಸೆಂಟಿಮೀಟರಿಗೆ ಜರುಗಿದರೆ ಕಳೆಯಬೇಕಾದದ್ದು 2.00, ಅಲ್ಲಿಗೆ ಅರ್ಧ ಪಾಯಿಂಟ್ ತಪ್ಪು. ಬೆಳಕಿನ ಪಟ್ಟಿಯ ಜೊತೆಗೇ ಒಳಗಿನ ನೆರಳು ಸರಿದರೆ ಪ್ಲಸ್ ಲೆನ್ಸ್, ಎದುರಾಗಿ ಸರಿದರೆ ಮೈನಸ್.

ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವುದು ದೃಷ್ಟಿ ಬರೆದಾದ ಮೇಲೆ, ಡಾಕ್ಟರ್ ಹೇಳಿದ ಮೇಲೆ. ಕೆಳರೆಪ್ಪೆ ಎಳೆದು ಒಂದೇ ಹನಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಕಬ್ಬಿನ ಗರಿ ತಾಗಿ ಕಣ್ಣು ಕೆಂಪಾಗಿ ಬಂದವರನ್ನು, ಮೆಡಿಕಲ್ ಸ್ಟೋರಿನಿಂದ ಏನಾದರೂ ಡ್ರಾಪ್ಸ್ ತಂದು ಹಾಕಿದ್ದೀರಾ ಅಂತ ಕೇಳಲೇಬೇಕು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಶಿಲೀಂಧ್ರದ ಹುಣ್ಣು ಬೇಗ ಹಬ್ಬುತ್ತದೆ. ಖಾಲಿ ಬಾಟಲಿಯಾದರೂ ಸರಿ, ತರಿಸಿ ಡಾಕ್ಟರ್ ಮೇಜಿನ ಮೇಲೆ ಇಡಿ. ಪಾಪೆ ಹಿಗ್ಗಿಸಿಕೊಂಡವರು ಬೈಕಿನಲ್ಲಿ ಬಂದಿದ್ದರೆ ಕೀಲಿ ಜೊತೆಗೆ ಬಂದವರ ಕೈಗೆ ಕೊಡಿಸಿ. ಒಬ್ಬರೇ ಬಂದಿದ್ದರೆ ಬಸ್ಸು ಹತ್ತಿಸಿ ಕಳಿಸಿ.