ಸೀರೆಯ ಮೇಲೆ ನೇಕಾರನ ಹೆಸರು: ನಾನು ಮಾಡಿ ನೋಡಿದ್ದು

ಇಳಕಲ್ಲಿನಲ್ಲಿ ಸೀರೆಗೆ ಅಂಗಡಿಯ ಹೆಸರಿರುತ್ತದೆ, ನೇಯ್ದವನ ಹೆಸರು ಇರುವುದಿಲ್ಲ. ನನ್ನ ಮಗ್ಗದಿಂದ ಇಳಿಯುವ ಪ್ರತಿ ಸೀರೆಯಲ್ಲೂ ಈಗ ನನ್ನ ಹೆಸರಿದೆ, ಸೆರಗನ್ನೂ ಒಡಲನ್ನೂ ಜೋಡಿಸುವ ಕೊಂಡಿ ಹಾಕಿದ ಅಕ್ಕನ ಹೆಸರೂ ಇದೆ. ಮಜೂರಿ ಏರಿದೆ, ಕಾಲೇಜಿನವರು ನನ್ನನ್ನು ಕರೆಯುವ ರೀತಿ ಬದಲಾಗಿದೆ. "ಇದೆಲ್ಲಾ ಆಗೂ ಮಾತಲ್ಲ ಬಿಡೋ" ಅಂದವರೇ ಈಗ ಆ ಹೆಸರಿನ ಪಟ್ಟಿ ಎಲ್ಲಿ ಮಾಡಿಸಿದಿ ಅಂತ ಕೇಳುತ್ತಿದ್ದಾರೆ. ಅದಕ್ಕೆ ಒಮ್ಮೆ ಬರೆದೇ ಬಿಡೋಣ ಅನಿಸಿತು. ಮಗ್ಗ ಬಲ್ಲವರಿಗೆ ಬರೆಯುತ್ತಿದ್ದೇನೆ, ಹಾಸು ಹೊಕ್ಕು ವಿವರಿಸುತ್ತ ಕೂಡುವುದಿಲ್ಲ.

ನಮ್ಮ ಹತ್ತಿರ ಸರ್ಕಾರ ನೇಕಾರರಿಗೆ ಕೊಡುವ ಗುರುತಿನ ಚೀಟಿ, ಪೆಹಚಾನ್ ಕಾರ್ಡ್ ಇದೆ. 2019-20ರ ಕೈಮಗ್ಗ ಗಣತಿಯಲ್ಲಿ ನೇಕಾರರನ್ನೂ ಪೂರಕ ಕೆಲಸದವರನ್ನೂ ಎಣಿಸಿಕೊಂಡು ಹೋದರು. ಸಾಲಕ್ಕೆ, ವಿಮೆಗೆ ಅದು ಬೇಕು, ಸರಿ. ಆದರೆ ಆ ಕಾರ್ಡು ಟ್ರಂಕಿನಲ್ಲಿರುತ್ತದೆ, ಸೀರೆ ಪುಣೆಯಲ್ಲಿರುತ್ತದೆ. ಹೆಸರು ಸೀರೆಯ ಜೊತೆಗೇ ಹೋಗಬೇಕು ಎಂಬುದು ನನ್ನ ಹಟ.

ಮೊದಲು ರಟ್ಟಿನ ಚೀಟಿ ಮಾಡಿಸಿದೆ. ಸಾವಿರ ಚೀಟಿಗೆ ಹದಿನೈದು ನೂರರ ಹತ್ತಿರ ಹೋಯಿತು. ಅಂಗಡಿಯವರು ಸೀರೆ ಮಡಚುವಾಗಲೇ ಕಿತ್ತು ಬುಟ್ಟಿಗೆ ಹಾಕಿ ತಮ್ಮ ಸ್ಟಿಕ್ಕರ್ ಅಂಟಿಸಿದರು. ಆ ದುಡ್ಡು ಪೂರಾ ಹೋಯಿತು. ಆಮೇಲೆ ಹೆಸರನ್ನೇ ನೇಯ್ದೆ, ಸೆರಗಿನ ತುದಿಯಲ್ಲಿ, ಬೇರೆ ಬಣ್ಣದ ಎಳೆ ಹಾಕಿ. ಕನ್ನಡದ ದುಂಡು ಅಕ್ಷರ ಎಳೆ ಎಣಿಸಿ ಎತ್ತುವಾಗ ಚೌಕಾಗಿಬಿಡುತ್ತದೆ. "ರ" ಹೋಗಿ ಸಣ್ಣ ಡಬ್ಬಿಯ ಹಾಗೆ ಕಾಣುತ್ತಿತ್ತು. ಅಕ್ಷರ ತಿದ್ದಿದೆ, ಕೊನೆಗೆ ಓದಲು ಬರುವಂತೆಯೂ ಆಯಿತು, ಆದರೆ ಒಂದೊಂದು ಸೀರೆಗೆ ಅರ್ಧ ದಿನ ಹೆಚ್ಚಿಗೆ. ಅಷ್ಟು ಮಾಡಿಯೂ ಗಿರಾಕಿಗೆ ಸೇರಲಿಲ್ಲ. ಸೆರಗಿನ ಮೇಲೆ ಯಾರದೋ ಹೆಸರು ಹೊತ್ತು ಮದುವೆಗೆ ಹೋಗಲು ಯಾರಿಗೆ ಮನಸ್ಸಾದೀತು? ಆರೇಳು ಸೀರೆ ವರ್ಷಗಟ್ಟಲೆ ಮನೆಯಲ್ಲೇ ಉಳಿದವು. ಒಂದನ್ನು ನನ್ನ ತಂಗಿ ಉಡುತ್ತಾಳೆ.

ಕೊನೆಗೆ ನಿಂತದ್ದು ಹತ್ತಿಯ ಪಟ್ಟಿ. ಅಂಗಿಯ ಕಾಲರಿನ ಒಳಗೆ ಇರುತ್ತದಲ್ಲ, ಅಂಥದ್ದು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ, ಏಕೆಂದರೆ ನಮ್ಮ ಮಾಲು ಸೊಲ್ಲಾಪುರ, ಕೊಲ್ಲಾಪುರದ ಕಡೆ ಬಹಳ ಹೋಗುತ್ತದೆ. ನೇಯ್ದವರ ಹೆಸರು, ಕೊಂಡಿ ಹಾಕಿದವರ ಹೆಸರು, ಊರು, ಒಂದು ಫೋನ್ ನಂಬರ್. ಒಂದಕ್ಕೆ ಎರಡು, ಎರಡೂವರೆ ರೂಪಾಯಿ ಬೀಳುತ್ತದೆ. ಮೊದಲು ಸೊಂಟಕ್ಕೆ ಸಿಗಿಸುವ ತುದಿಯಲ್ಲಿ ಹೊಲಿದೆ, ಫಾಲ್ ಹಚ್ಚುವ ಟೇಲರ್‌ಗಳು ಕತ್ತರಿಸಿ ಎಸೆದರು. ಈಗ ಹೊಲಿಯುವ ಜಾಗವೇ ಬೇರೆ. ಅಂಗಡಿಯವರಿಗೂ ಟೇಲರ್‌ಗೂ ಅದನ್ನು ಕೀಳಲು ಮನಸ್ಸು ಬಾರದಂಥ ಜಾಗ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ. ಸೀರೆ ಕೊಂಡವರಿಗೆ ಸಿಕ್ಕೇ ಸಿಗುತ್ತದೆ.

ನಡುವೆ ಕ್ಯೂಆರ್ ಕೋಡ್ ಕೂಡ ಹಾಕಿ ನೋಡಿದೆ, ಅಳಿಯ ಹೇಳಿದ ಅಂತ. ಹತ್ತಿ ಪಟ್ಟಿಯ ಮೇಲೆ ಎರಡು ಸಲ ಒಗೆದರೆ ಮಸಿ ಹರಡಿ ಮೊಬೈಲು ಹಿಡಿಯುವುದಿಲ್ಲ. ಬಿಟ್ಟೆ. ಫೋನ್ ನಂಬರೇ ಗಟ್ಟಿ.

ಕೊಂಡಿಯ ಹೆಸರು ಹಾಕುತ್ತೇನೆ ಅಂದಾಗ ಅಕ್ಕನೇ ಒಪ್ಪಲಿಲ್ಲ. "ನನ್ನ ಹೆಸರ್ಯಾಕೋ ಯಪ್ಪಾ, ನಾ ಏನ್ ಮಗ್ಗಾ ಹೊಡಿತೀನೇನು?" ಅಂದಳು. ಅವಳು ಕೂತು ಕೊಂಡಿ ಹಾಕುವುದನ್ನು ನೋಡಬೇಕು. ಸೆರಗಿನ ರೇಷ್ಮೆ ಎಳೆಯನ್ನು ಕುಣಿಕೆ ಮಾಡಿ, ಒಡಲಿನ ಎಳೆಯನ್ನು ಅದರೊಳಗೆ ತೂರಿ, ಒಂದಾದ ಮೇಲೊಂದು, ಸಾವಿರಾರು. ಮಾತಾಡುತ್ತಲೇ ಇರುತ್ತಾಳೆ, ಬೆರಳು ನಿಲ್ಲುವುದಿಲ್ಲ. ಒಂದು ಎಳೆ ತಪ್ಪಿದರೆ ಸೆರಗಿನ ಬುಡದಲ್ಲಿ ಗೀಟು ಬೀಳುತ್ತದೆ. ಅವಳ ಕೈಯಿಂದ ಬಂದದ್ದರಲ್ಲಿ ನಾನು ಗೀಟು ಕಂಡಿಲ್ಲ. ಒಂದೊಂದು ಸೀರೆಗೆ ಬೇರೆ ಹಾಸು, ಬೇರೆ ಕೊಂಡಿ. ಇಳಕಲ್ ಸೀರೆ ಇಳಕಲ್ ಸೀರೆ ಆಗಿರುವುದೇ ಆ ಕೊಂಡಿಯಿಂದ, ಆದರೂ ಅದಕ್ಕೆ ಸಿಗುತ್ತಿದ್ದದ್ದು ಅರವತ್ತೋ ಎಪ್ಪತ್ತೋ ರೂಪಾಯಿ. ಜೇಡರ ದಾಸಿಮಯ್ಯ, ನುಲಿಯ ಚಂದಯ್ಯ ಅಂತ ಶರಣರು ಕಾಯಕವನ್ನೇ ಹೆಸರಿನ ಮುಂದೆ ಇಟ್ಟುಕೊಂಡು ಬಾಳಿದರು. ಕೂಡಲಸಂಗಮದ ಇಷ್ಟು ಸಮೀಪ ಇರುವ ನಾವು ಕಾಯಕ ಮಾಡಿದವರ ಹೆಸರು ಬರೆಯಲು ಹಿಂಜರಿದರೆ ಹೇಗೆ ಅಂದೆ. ಅದಕ್ಕೆ ಒಪ್ಪಿದಳು.

ಸಾವ್ಕಾರರನ್ನು ಒಪ್ಪಿಸಲು ಇನ್ನೂ ಕಷ್ಟವಾಯಿತು. "ಸೀರಿ ಉಡಾಕಿ ನಿನ್ನ ಹೆಸರು ಉಡ್ತಾಳೇನೋ ತಮ್ಮಾ? ನಾಳೆ ಗಿರಾಕಿ ಸೀದಾ ನಿಮ್ಮ ಮನಿಗೇ ಬಂದ್ರ ನಾ ಏನ್ ಮಾಡ್ಲಿ?" ಅಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನೂಲು ಅವರದು, ಬಂಡವಾಳ ಅವರದು. ಹಾಗಾಗಿ ಒಂದು ಕರಾರು ಮಾಡಿಕೊಂಡೆ: ಅವರ ನೂಲಿನ ಸೀರೆ ನೋಡಿ ಫೋನ್ ಬಂದರೆ ಗಿರಾಕಿಯನ್ನು ಅವರ ಅಂಗಡಿಗೇ ಕಳಿಸುತ್ತೇನೆ, ನನ್ನ ಸ್ವಂತ ನೂಲಿನ ಮಗ್ಗ ಒಂದಿದೆ, ಅದರ ಗಿರಾಕಿ ಮಾತ್ರ ನನಗೆ. ಈ ಮಾತಿಗೆ ನಾನು ತಪ್ಪಿಲ್ಲ, ಅದಕ್ಕೇ ಇದು ನಡೆದಿದೆ. ಮೊದಲ ಹತ್ತು ತಿಂಗಳು ಫೋನೇ ಬರಲಿಲ್ಲ. ಲಗ್ನದ ಸೀಜನ್ನಿನಲ್ಲಿ ಸೊಲ್ಲಾಪುರದ ಒಬ್ಬ ಟೀಚರಮ್ಮ ಫೋನ್ ಮಾಡಿ, ಇದೇ ಕೈಯ ಗೋಮಿ ದಡಿಯ (ಅದೊಂದು ಬಗೆಯ ಅಂಚು) ಸೀರೆ ಇನ್ನೂ ನಾಲ್ಕು ಬೇಕು ಅಂದರು. ನಾನು ಸಾವ್ಕಾರರ ಕಡೆಗೆ ಕಳಿಸಿದೆ. ಅಂಗಡಿಗೆ ಬಂದು ಹೆಸರು ಹೇಳಿ ಸೀರೆ ಕೇಳುವವರು ಹೆಚ್ಚಾದ ಮೇಲೆ ಮಜೂರಿಯ ಮಾತು ಎತ್ತಿದೆ. ಶುದ್ಧ ರೇಷ್ಮೆ ಸೆರಗಿನದಕ್ಕೆ ಒಂಬೈನೂರರ ಆಸುಪಾಸು ಇದ್ದದ್ದು ಈಗ ಹದಿನಾಲ್ಕು ನೂರು ದಾಟಿದೆ. ಕೊಂಡಿಗೆ ನೂರಿಪ್ಪತ್ತು. ಕೃತಕ ರೇಷ್ಮೆಯ ಚಮಕಾ ಸೀರೆಗೆ ಮಾತ್ರ ಹೆಸರಿನಿಂದ ಏನೂ ಏರಲಿಲ್ಲ. ಅಲ್ಲಿ ಪವರ್‌ಲೂಮಿನ ಜೊತೆ ಪೈಪೋಟಿ, ಗಿರಾಕಿ ರೇಟು ನೋಡುತ್ತಾನೆ, ಪಟ್ಟಿ ನೋಡುವುದಿಲ್ಲ.

ಜಿಐ, ಅಂದರೆ ಭೌಗೋಳಿಕ ಗುರುತಿನ ನೋಂದಣಿ, ಅದರ ಬಗ್ಗೆ ಒಂದು ಮಾತು. ಇಳಕಲ್ ಸೀರೆಗೆ ಜಿಐ ಇದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದರಲ್ಲಿ ನೇಕಾರನೇ ತನ್ನ ಹೆಸರಿನಲ್ಲಿ ಅಧಿಕೃತ ಬಳಕೆದಾರನಾಗಿ ದಾಖಲಾಗಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅರ್ಜಿ ಚೆನ್ನೈನ ರಿಜಿಸ್ಟ್ರಿಗೆ ಹೋಗುತ್ತದೆ. ಫೀಸು ಹಿಂದೆ 500 ರೂಪಾಯಿ ಇತ್ತು, 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಓಡಾಟ, ನೋಟರಿ, ಝೆರಾಕ್ಸ್ ಸೇರಿ ನನಗೆ ಸಾವಿರದ ಮೇಲೇ ಬಿದ್ದಿತು, ಕಾಯುವುದೂ ಕಾಯಬೇಕು. ಆದರೂ ಮಾಡಿಸಿ. ಕಾಲೇಜಿನಲ್ಲಿ ಆ ಕಾಗದ ಕೆಲಸಕ್ಕೆ ಬಂತು.

ಕಾಲೇಜಿನ ಸಂಗತಿ ಹೀಗೆ. ನಮ್ಮ ಭಾಗದ ಒಂದು ಕಾಲೇಜಿನವರು ಮಗ್ಗ ತೋರಿಸಲು ಕರೆದಿದ್ದರು. ಆಮಂತ್ರಣದಲ್ಲಿ ಭಾಷಣ ಮಾಡಿದವರ ಹೆಸರು, ಡಿಗ್ರಿ ಎಲ್ಲಾ ಇತ್ತು. ನನ್ನ ಜಾಗದಲ್ಲಿ "ಮಗ್ಗದ ಪ್ರಾತ್ಯಕ್ಷಿಕೆ" ಅಂತ ಮಾತ್ರ. ಎರಡು ದಿನ ಮಕ್ಕಳ ಕೈ ಹಿಡಿದು ಲಾಳಿ ಹೊಡೆಯಲು ಕಲಿಸಿದವನು ನಾನು. ಭಾಷಣ ಮಾಡಿದವರಿಗೆ ಗೌರವಧನ ಎರಡು ಸಾವಿರ, ನನಗೆ ದಿನಕ್ಕೆ ಐನೂರು ಮತ್ತು ಬಸ್ಸಿನ ಚಾರ್ಜು. ಮುಂದಿನ ವರ್ಷ ಕರೆದಾಗ ಮೂರು ಮಾತು ಹೇಳಿದೆ: ಆಮಂತ್ರಣದಲ್ಲಿ ಹೆಸರು ಬೇಕು, ಗೌರವಧನ ಸಮ ಬೇಕು, ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಕಲಿಸಿದವರ ಸಹಿ ನನ್ನದೇ ಇರಬೇಕು. ಆ ವರ್ಷ ಬೇರೆಯವರನ್ನು ಕರೆದುಕೊಂಡರು. ಮನೆಯಲ್ಲಿ, "ಬಂದ ಸಾವಿರಾನೂ ಕಳಕೊಂಡಿ" ಅಂದರು. ಕುಶಲಕರ್ಮಿಗಳನ್ನು ಕಾಲೇಜಿಗೆ ಕರೆದು ಕಲಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಪ್ರಿಂಟ್ ತೆಗೆದು, ಜಿಐ ಕಾಗದ ಜೋಡಿಸಿ ಇನ್ನೊಂದು ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಓದಿ, ಮೂರಕ್ಕೂ ಒಪ್ಪಿದರು. ಹಣಕ್ಕಿಂತ ಆ ಸಹಿ ನನಗೆ ದೊಡ್ಡದು. ಮೂವತ್ತು ಚಿಲ್ಲರೆ ಪುಸ್ತಕಗಳಿಗೆ ಸಹಿ ಹಾಕಿದೆ, ಪ್ರತಿಯೊಬ್ಬರ ನೇಯ್ಗೆಯ ತುಂಡನ್ನು ತಿರುವಿ ನೋಡಿ, ಸಡಿಲಿದ್ದವರಿಗೆ ಮತ್ತೆ ಮಾಡಿಸಿ. ಹಳೆಯ ಕಾಲೇಜಿನವರೂ ಈಗ ಅದೇ ಕರಾರಿನ ಮೇಲೆ ಕರೆಯುತ್ತಾರೆ.

ನಮ್ಮ ಓಣಿಯಲ್ಲಿ ಈಗ ಐದಾರು ಮಗ್ಗದವರು ಪಟ್ಟಿ ಹಚ್ಚುತ್ತಿದ್ದಾರೆ. ಗುಳೇದಗುಡ್ಡದ ನಮ್ಮ ಮಾವನವರ ಕಡೆಯವರು ಖಣಕ್ಕೆ ಹಚ್ಚಲು ನೋಡಿದರು. ಖಣ ಕತ್ತರಿಸಿ ಕುಪ್ಪಸ ಹೊಲಿದರೆ ಪಟ್ಟಿ ಉಳಿಯುವುದಿಲ್ಲ, ಅದಕ್ಕೆ ಬೇರೆ ದಾರಿ ಹುಡುಕಬೇಕು. ಒಂದು ಎಚ್ಚರಿಕೆ: ನಿಮ್ಮ ಪಟ್ಟಿಯನ್ನೇ ನಕಲು ಮಾಡಿ ಪವರ್‌ಲೂಮ್ ಸೀರೆಗೆ ಹಚ್ಚುವವರು ಬಂದೇ ಬರುತ್ತಾರೆ, ನನಗೆ ಎರಡು ಸಿಕ್ಕಿವೆ. ನನ್ನ ಸೀರೆಯ ದಡಿಯಲ್ಲಿ ಒಂದು ಗುರುತು ಇದೆ, ಅದರಿಂದ ಕೂಡಲೇ ಹಿಡಿದೆ. ಆ ಗುರುತು ನನಗೂ ಅಕ್ಕನಿಗೂ ಸಾವ್ಕಾರರಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀವೂ ನಿಮ್ಮದೊಂದು ಮಾಡಿಕೊಳ್ಳಿ.

ಬಣ್ಣ ಹಾಕುವವರ ಹೆಸರು ಇನ್ನೂ ಪಟ್ಟಿಗೆ ಬಂದಿಲ್ಲ. ಒಂದೇ ಹಂಡೆಯ ನೂಲು ಹತ್ತು ಮನೆಗೆ ಹೋಗುತ್ತದೆ, ಯಾವ ಸೀರೆಗೆ ಯಾರ ಬಣ್ಣ ಅಂತ ಲೆಕ್ಕ ಇಡುವವರಿಲ್ಲ. ಈ ದೀಪಾವಳಿಯಿಂದ ನೂಲಿನ ಲಡಿಗೆ ಬಣ್ಣದ ದಾರ ಕಟ್ಟಿ ಲೆಕ್ಕ ಇಡಲು ಶುರು ಮಾಡಿದ್ದೇವೆ.