ನೇತಾಡುತ್ತಿರುವ ನಿರ್ಧಾರಗಳನ್ನು ಮುಗಿಸುವುದು ಹೇಗೆ: ಎಂಜಿನಿಯರಿಂಗ್ ಮ್ಯಾನೇಜರ್‌ಗಳಿಗೆ

ಕೋಡ್ ಬರೆಯುತ್ತಿದ್ದವರು ಮ್ಯಾನೇಜರ್ ಆದ ಹೊಸದರಲ್ಲಿ ಒಂದು ಅನುಮಾನ ಕಾಡುತ್ತದೆ. ದಿನವಿಡೀ ನಾನು ಮಾಡಿದ್ದಾದರೂ ಏನು? ಕಮಿಟ್ ಇಲ್ಲ, ಪುಲ್ ರಿಕ್ವೆಸ್ಟ್ ಇಲ್ಲ, ಬರೀ ಮೀಟಿಂಗು. ಹಾಗನ್ನಿಸಿದಾಗ ಒಂದು ಲೆಕ್ಕ ಹಾಕಿ: ಇವತ್ತು ಟೀಮಿನಲ್ಲಿ ಎಷ್ಟು ವಿಷಯ ತೀರ್ಮಾನವಾಯಿತು, ಎಷ್ಟು ಹಾಗೇ ನೇತಾಡುತ್ತಿವೆ? ನಿಮ್ಮ ಕೆಲಸ ಅದೇ. ಎಲ್ಲವನ್ನೂ ನೀವೇ ತೀರ್ಮಾನಿಸಬೇಕು ಅಂತಲ್ಲ, ತೀರ್ಮಾನ ಆಗುವ ಹಾಗೆ ನೋಡಿಕೊಳ್ಳಬೇಕು.

ನಾನಿದನ್ನು ಕಲಿತದ್ದು ಕೆಟ್ಟು. ಬ್ಯಾಕ್‌ಗ್ರೌಂಡ್ ಕೆಲಸಗಳಿಗೆ ಕಾಫ್ಕಾ (ಸಂದೇಶಗಳನ್ನು ಸಾಗಿಸುವ ಒಂದು ಪ್ರತ್ಯೇಕ ಸಿಸ್ಟಮ್) ತರೋಣ ಎಂದು ಒಬ್ಬ ಸೀನಿಯರ್, ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಟೇಬಲ್ ಸಾಕು ಎಂದು ಇನ್ನೊಬ್ಬ ಸೀನಿಯರ್. ಅವರೇ ಮಾತಾಡಿಕೊಂಡು ಒಪ್ಪಂದಕ್ಕೆ ಬರುತ್ತಾರೆ ಎಂದು ನಾನು ಮೂರು ವಾರ ಸುಮ್ನೆ ಕೂತೆ. ಅಷ್ಟರಲ್ಲಿ ಮೂರನೆಯವನೊಬ್ಬ, ಪಾಪ, ಯಾವುದು ಗೆದ್ದರೂ ಇರಲಿ ಎಂದು ಎರಡಕ್ಕೂ ಹೊಂದುವಂತೆ ನಡುವೆ ಒಂದು ಲೇಯರ್ ಬರೆದಿಟ್ಟ. ಕೊನೆಗೆ ಅರ್ಧ ಗಂಟೆಯ ಮಾತಿನಲ್ಲಿ ಪೋಸ್ಟ್‌ಗ್ರೆಸ್ ಎಂದಾಯಿತು. ಯಾರಿಗೂ ಬೇಡವಾದ ಆ ಲೇಯರ್‌ನ ಬಗ್‌ಗಳನ್ನು ಮಾತ್ರ ಒಂದು ವರ್ಷ ಸರಿಮಾಡಿದೆವು.

ಅದಕ್ಕೇ ಮೊದಲು ಪಟ್ಟಿ ಮಾಡಿ. ‘ಮುಂದಿನ ವಾರ ನೋಡೋಣ’ ಎಂದದ್ದೆಲ್ಲ ಅದರಲ್ಲಿ ಬರಬೇಕು. ಪ್ರತಿ ಸಾಲಿನ ಪಕ್ಕ ಇದಕ್ಕಾಗಿ ಯಾರು ಕಾಯುತ್ತಿದ್ದಾರೆ ಎಂದು ಬರೆಯಿರಿ.

ಆಮೇಲೆ ಪ್ರತಿಯೊಂದಕ್ಕೂ ಕೇಳಿ: ತಪ್ಪಾದರೆ ವಾಪಸ್ ಬರಬಹುದಾ? ಜೆಫ್ ಬೆಜೋಸ್ ಅಮೆಜಾನ್‌ನ ಷೇರುದಾರರಿಗೆ ಬರೆದ 2015ರ ಪತ್ರದಲ್ಲಿ ಇದನ್ನೇ ಬಾಗಿಲಿಗೆ ಹೋಲಿಸಿದ್ದರು. ಕೆಲವು ಬಾಗಿಲು ದಾಟಿದರೆ ವಾಪಸ್ ಬರಲಾಗದು, ಕೆಲವು ಎರಡೂ ಕಡೆ ತೆರೆಯುತ್ತವೆ. ಲಾಗಿಂಗ್ ಲೈಬ್ರರಿ, ಸ್ಪ್ರಿಂಟ್ ಎಷ್ಟು ವಾರ ಅನ್ನುವುದು, ಇಂಥವಕ್ಕೆ ಎರಡನೇ ಮೀಟಿಂಗ್ ದಂಡ. ಹೊರಗಿನವರು ಬಳಸುವ ಎಪಿಐ, ಗ್ರಾಹಕರ ಡೇಟಾ ಅಳಿಸುವುದು, ಇವಕ್ಕೆ ನಿಧಾನವೇ ಸರಿ.

ಆದರೆ ಒನ್‌-ವೇ ಅಂದುಕೊಂಡ ಎಷ್ಟೋ ಬಾಗಿಲುಗಳನ್ನು ಸ್ವಲ್ಪ ಕೆಲಸ ಮಾಡಿದರೆ ಟೂ-ವೇ ಮಾಡಬಹುದು. ಡೇಟಾಬೇಸ್‌ನ ಒಂದು ಕಾಲಂ ಬದಲಾಯಿಸಬೇಕು ಅನ್ನಿ. ಹೊಸ ಕಾಲಂ ಸೇರಿಸಿ, ಕೆಲವು ದಿನ ಎರಡಕ್ಕೂ ಬರೆಯಿರಿ, ಹಳೇ ಡೇಟಾ ತುಂಬಿಸಿ, ಆಮೇಲೆ ಓದುವುದನ್ನು ಹೊಸದಕ್ಕೆ ತಿರುಗಿಸಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ತೆಗೆಯಿರಿ. ಇಷ್ಟರಲ್ಲಿ ಹಿಂದೆ ಬರಲಾಗದ್ದು ಆ ಕೊನೆಯ ಹೆಜ್ಜೆ ಒಂದೇ. ಹೊಸ ಫೀಚರ್‌ಗೆ ಫ್ಲ್ಯಾಗ್ (ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡುವ ಸ್ವಿಚ್) ಹಾಕಿ 5% ಬಳಕೆದಾರರಿಗೆ ಮಾತ್ರ ಬಿಡುವುದೂ ಇದೇ ಲೆಕ್ಕ. ನಿಜಕ್ಕೂ ವಾಪಸ್ ಬರಲಾಗದ್ದು ಎದುರಾದರೆ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರ ‘ಪ್ರಿಮಾರ್ಟಮ್’ ಮಾಡಿ: ಆರು ತಿಂಗಳಾಯಿತು, ಇದು ನೆಲಕಚ್ಚಿದೆ ಅಂದುಕೊಂಡು, ಯಾಕೆ ಎಂದು ಎಲ್ಲರೂ ಬೇರೆ ಬೇರೆ ಬರೆಯುವುದು. ಹತ್ತು ನಿಮಿಷದ ಕೆಲಸ. ಮೀಟಿಂಗಿನಲ್ಲಿ ಬಾಯಿಬಿಡದವರೂ ಇದರಲ್ಲಿ ಬರೆಯುತ್ತಾರೆ.

ಈಗ ಕಷ್ಟದ್ದು: ಇದು ಯಾರ ನಿರ್ಧಾರ? ಯಾರನ್ನು ಎಲ್ಲಿ ಹಾಕುವುದು, ಯಾವುದು ಮೊದಲು, ಡೇಟ್ ತಪ್ಪುವಂತಿದ್ದರೆ ಏನು ಬಿಡುವುದು, ಇವು ನಿಮ್ಮವು. ಬೇರೆಯವರ ತಲೆಗೆ ಕಟ್ಟಬೇಡಿ. ತಾಂತ್ರಿಕ ವಿಷಯವಾದರೆ, ಅದು ಕೆಟ್ಟಾಗ ರಾತ್ರಿ ಎರಡು ಗಂಟೆಗೆ ಯಾರ ಫೋನ್ ಬಡಿದುಕೊಳ್ಳುತ್ತದೋ ಅವರದು. ಅವರಿಗೆ ಕೊಡುವಾಗ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡಬೇಡಿ. ‘ನಿರ್ಧಾರ ನನ್ನದು, ನಿಮ್ಮ ಅಭಿಪ್ರಾಯ ಬೇಕು’ ಅನ್ನಿ, ಇಲ್ಲವೇ ‘ನೀವೇ ನಿರ್ಧರಿಸಿ ನನಗೆ ತಿಳಿಸಿ’ ಅನ್ನಿ. ಖರ್ಚು, ಗಡುವು, ಸೆಕ್ಯುರಿಟಿ, ಇಂಥ ಮಿತಿಗಳಿದ್ದರೆ ಮೊದಲೇ ಹೇಳಿ. ಒಮ್ಮೆ ಕೊಟ್ಟ ಮೇಲೆ ಉತ್ತರ ಹಿಡಿಸಲಿಲ್ಲ ಎಂದು ಕಿತ್ತುಕೊಂಡರೆ ಮುಂದಿನ ಸಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲ ಮೊದಲೇ ತೀರ್ಮಾನಿಸಿ ಶಾಸ್ತ್ರಕ್ಕೆ ಅಭಿಪ್ರಾಯ ಕೇಳುವುದು ಅದಕ್ಕಿಂತ ಕೆಟ್ಟದ್ದು, ಟೀಮಿಗೆ ಅದು ಎರಡೇ ಸಲಕ್ಕೆ ಗೊತ್ತಾಗಿಬಿಡುತ್ತದೆ.

ಎಷ್ಟು ಮಾಹಿತಿ ಬೇಕು? ಅದೇ ಬೆಜೋಸ್ 2016ರ ಪತ್ರದಲ್ಲಿ, ಬೇಕೆನಿಸುವ ಮಾಹಿತಿಯಲ್ಲಿ ಸುಮಾರು 70% ಸಿಕ್ಕರೆ ಸಾಕು, 90%ಗೆ ಕಾದರೆ ಹೆಚ್ಚಿನ ಸಲ ತಡವಾಗಿರುತ್ತದೆ ಎಂದು ಬರೆದರು. ಸರಿ, ಆದರೆ ಈ 70 ಅನ್ನು ಅಳೆಯುವುದು ಯಾವ ಸೇರಿನಲ್ಲಿ? ನಾನು ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಏನು ಗೊತ್ತಾದರೆ ನನ್ನ ಮನಸ್ಸು ಬದಲಾಗುತ್ತದೆ? ಅಂಥದ್ದೊಂದಿದ್ದು, ಎರಡು ದಿನದ ಪ್ರಯೋಗದಲ್ಲಿ ಸಿಗುವಂತಿದ್ದರೆ ಕಾಯುತ್ತೇನೆ. ಇಲ್ಲದಿದ್ದರೆ ಇವತ್ತೇ ಮುಗಿಸುತ್ತೇನೆ.

‘ಡಿಸಗ್ರೀ ಅಂಡ್ ಕಮಿಟ್’, ಅಂದರೆ ಒಪ್ಪದಿದ್ದರೂ ತೀರ್ಮಾನವಾದ ಮೇಲೆ ಜೊತೆಗೆ ನಿಲ್ಲುವುದು, ಅನ್ನುವ ಮಾತೂ ಆ 2016ರ ಪತ್ರದಲ್ಲಿದೆ. ಜೂನಿಯರ್‌ಗಳ ಬಾಯಿ ಮುಚ್ಚಿಸಲು ಇದನ್ನು ಬಳಸುವವರೇ ಜಾಸ್ತಿ. ಪತ್ರದಲ್ಲಿರುವ ಉದಾಹರಣೆ ಉಲ್ಟಾ: ಅಮೆಜಾನ್ ಸ್ಟುಡಿಯೋಸ್‌ನ ಒಂದು ಕಾರ್ಯಕ್ರಮ ತನಗೆ ಅಷ್ಟು ಹಿಡಿಸದಿದ್ದರೂ ಬೆಜೋಸ್ ತಮ್ಮ ಟೀಮಿನ ಮಾತಿಗೆ ಒಪ್ಪಿ ಜೊತೆಗೆ ನಿಂತದ್ದು. ಮೊದಲು ನೀವು ಒಂದೆರಡು ಸಲ ಹಾಗೆ ಸೋತು ತೋರಿಸಿ.

ಮುಗಿದ ಮೇಲೆ ಬರೆದಿಡಿ. ಸಾಫ್ಟ್‌ವೇರ್ ಎಂಜಿನಿಯರ್ ಮೈಕೆಲ್ ನೈಗಾರ್ಡ್ 2011ರಲ್ಲಿ ಹೇಳಿಕೊಟ್ಟ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಅಂದರೆ ನಿರ್ಧಾರದ ಚಿಕ್ಕ ದಾಖಲೆ) ಸಾಕು. ಸಂದರ್ಭ, ನಿರ್ಧಾರ, ಅದರ ಸ್ಥಿತಿ, ಪರಿಣಾಮ, ಎಲ್ಲ ಸೇರಿ ಒಂದೆರಡು ಪುಟ, ಕೋಡ್ ಇರುವ ರೆಪೋದಲ್ಲೇ. ನಿರ್ಧಾರ ಬದಲಾದರೆ ಹಳೆಯದನ್ನು ಅಳಿಸದೆ, ಈಗ ಇನ್ನೊಂದು ಬಂದಿದೆ ಎಂದು ಗುರುತು ಹಾಕಬೇಕು. ನಾನು ಎರಡು ಸಾಲು ಸೇರಿಸುತ್ತೇನೆ: ಯಾವುದನ್ನು ಯಾಕೆ ಬಿಟ್ಟೆವು, ಏನಾದರೆ ಇದನ್ನು ಮತ್ತೆ ನೋಡುತ್ತೇವೆ. ಹೊಸದಾಗಿ ಸೇರಿದವರು ‘ಕಾಫ್ಕಾ ಯಾಕಿಲ್ಲ?’ ಎಂದಾಗ ಆ ಲಿಂಕ್ ಕಳಿಸಿದರಾಯಿತು.

ಪಟ್ಟಿಯನ್ನು ವಾರಕ್ಕೊಮ್ಮೆ ತೆರೆಯಿರಿ. ಮೂರನೇ ವಾರವೂ ಅದೇ ಸಾಲು ಕಂಡರೆ ಪಕ್ಕದ ಹೆಸರು ನೋಡಿ. ಹೆಸರಿಲ್ಲದಿದ್ದರೆ ಸಾಲು ಹೊಡೆದುಹಾಕಿ. ಇದ್ದರೆ ಅವರನ್ನೇ ಕರೆದು ಅರ್ಧ ಗಂಟೆ ಕೂತು ಮುಗಿಸಿ.