ಎರಡು ಕಂಪ್ಯೂಟರ್, ಒಂದು ಹಳೆಯ ಲ್ಯಾಪ್‌ಟಾಪ್, ಮಾಸ್ತರರ ಕರಡುಗಳು

ಗದಗಿನಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆಯ ಕರಪತ್ರಗಳ ನಡುವೆ ವರ್ಷಕ್ಕೆ ಏಳೆಂಟು ಪುಸ್ತಕಗಳ ಪುಟವಿನ್ಯಾಸವೂ ನನ್ನ ಕೈಗೆ ಬರುತ್ತದೆ. ಹಗಲು ಅಂಗಡಿಯ ಕಂಪ್ಯೂಟರಿನಲ್ಲಿ, ರಾತ್ರಿ ಊಟವಾದ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಕೆಲಸ. ಎರಡರ ನಡುವೆ ಓಡಾಡುತ್ತಿದ್ದುದು ನನ್ನ ಅಂಗಿಯ ಕಿಸೆಯಲ್ಲಿದ್ದ ಪೆನ್‌ಡ್ರೈವ್. ಹತ್ತು ವರ್ಷ ಹಾಗೆಯೇ ನಡೆಯಿತು.

ಒಂದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ಮಾಡುತ್ತಿದ್ದಾಗ ಅದು ನಿಂತಿತು. ಅದರ ಸಂಪಾದಕರು ಎಂಬತ್ತು ದಾಟಿದ ನಿವೃತ್ತ ಮಾಸ್ತರರು. ಮೂರು ದಿನ ನನ್ನ ಪಕ್ಕದಲ್ಲೇ ಕುಳಿತು ನಲವತ್ತು ಪುಟಗಳನ್ನು ಅಕ್ಷರ ಅಕ್ಷರವಾಗಿ ತಿದ್ದಿಸಿದ್ದರು. ಮೂರನೆಯ ರಾತ್ರಿ ನಿದ್ದೆಗಣ್ಣಿನಲ್ಲಿ ನಾನು ಪೆನ್‌ಡ್ರೈವಿನ ಹಳೆಯ ಪ್ರತಿಯನ್ನು ಹೊಸದರ ಮೇಲೆ ನಕಲಿಸಿಬಿಟ್ಟೆ. ‘ಅದೇ ಹೆಸರಿನ ಕಡತ ಈಗಾಗಲೇ ಇದೆ, ಬದಲಿಸಬೇಕೇ?’ ಎಂದು ಕಂಪ್ಯೂಟರ್ ಕೇಳಿತ್ತು. ನಾನು ಹೌದು ಎಂದಿದ್ದೆ. ಬೆಳಿಗ್ಗೆ ಮಾಸ್ತರರಿಗೆ ಹೇಳುವಾಗ ನನ್ನ ನಾಲಿಗೆ ಏಳಲಿಲ್ಲ. ಅವರು ಚೀಲದಿಂದ ದಾರ ಕಟ್ಟಿದ ಕರಡಿನ ಕಟ್ಟು ತೆಗೆದು ಮೇಜಿನ ಮೇಲಿಟ್ಟು, ‘ಇರಲಿ ತಮ್ಮಾ, ನಾನು ತಿದ್ದಿದ ಕಾಗದ ಯಾವುದನ್ನೂ ಎಸೆಯುವುದಿಲ್ಲ. ಮತ್ತೆ ಕೂಡೋಣ’ ಎಂದರು. ಮತ್ತೆ ಮೂರು ದಿನ ಕುಳಿತೆವು. ಆ ಕಟ್ಟು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಸಂಚಿಕೆ ಅಚ್ಚಿಗೆ ಹೋದ ವಾರವೇ ನಾನು ಸಿಂಕ್‌ಥಿಂಗ್ ಹಾಕಲು ಕುಳಿತೆ. ಇದು ಬೇರೆ ಬೇರೆ ಯಂತ್ರಗಳಲ್ಲಿರುವ ಕಡತಗಳನ್ನು ತಾನಾಗಿ ಒಂದೇ ರೀತಿ ಇಡುವ (ಇದನ್ನೇ ಸಿಂಕ್ ಎನ್ನುವುದು), 2013ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ನಮ್ಮ ಕಡತಗಳು ಬೇರೆ ಯಾರ ಸರ್ವರಿನಲ್ಲಿಯೂ ಕೂರದೆ ನಮ್ಮ ಒಂದು ಯಂತ್ರದಿಂದ ನಮ್ಮದೇ ಇನ್ನೊಂದು ಯಂತ್ರಕ್ಕೆ ಹೋಗುತ್ತವೆ, ದಾರಿಯುದ್ದಕ್ಕೂ ಗೂಢಲಿಪಿಯಲ್ಲಿರುತ್ತವೆ. ಬೇರೆಯವರು ನಂಬಿ ಕೊಟ್ಟ ಅಪ್ರಕಟಿತ ಹಸ್ತಪ್ರತಿಗಳನ್ನು ಇಟ್ಟುಕೊಳ್ಳುವ ನನಗೆ ಅದು ದೊಡ್ಡ ವಿಷಯ. ತಿಂಗಳ ಬಾಡಿಗೆಯೂ ಇಲ್ಲ.

ಅಂಗಡಿಯದು ವಿಂಡೋಸ್. ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇಲ್ಲದೆ ನನ್ನ ಕಸುಬು ನಡೆಯುವುದಿಲ್ಲವಾದ್ದರಿಂದ ಅದು ಹಾಗೆಯೇ ಇರಬೇಕು. ಜಾಲದಿಂದ ಇಳಿಸಿಕೊಂಡ ಜಿಪ್ ಕಡತವನ್ನು ಬಿಡಿಸಿ ಒಂದು ಫೋಲ್ಡರಿನಲ್ಲಿಟ್ಟು ಚಾಲೂ ಮಾಡಿದೆ. ಫೈರ್‌ವಾಲ್ ಅನುಮತಿ ಕೇಳಿದಾಗ ಖಾಸಗಿ ಜಾಲಕ್ಕೆ ಮಾತ್ರ ಕೊಟ್ಟೆ. ಒಂದು ಕಪ್ಪು ಕಿಟಕಿ ತೆರೆದುಕೊಂಡಿತು, ಬ್ರೌಸರಿನಲ್ಲಿ 127.0.0.1:8384 ವಿಳಾಸದಲ್ಲಿ ನಿಯಂತ್ರಣದ ಪುಟ ಬಂತು. ಗಿರಾಕಿಗಳು ಪಕ್ಕದಲ್ಲಿ ಕೂರುವ ಯಂತ್ರವಾದ್ದರಿಂದ ಆ ಪುಟಕ್ಕೆ ಮೊದಲು ಗುಪ್ತಪದ ಹಾಕಿದೆ. ಎರಡನೆಯ ದಿನ ಅಂಗಡಿಯ ಹುಡುಗ ಕಪ್ಪು ಕಿಟಕಿ ಯಾವುದೋ ಬೇಡದ್ದೆಂದು ಮುಚ್ಚಿದ. ಸಿಂಕ್‌ಥಿಂಗ್ ಅಲ್ಲಿಗೇ ನಿಂತಿತು. ತಪ್ಪು ಅವನದಲ್ಲ, ನಾನು ಹೇಳಿರಲಿಲ್ಲ. ಆಮೇಲೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಕಂಪ್ಯೂಟರ್ ಶುರುವಾದೊಡನೆ ಕಿಟಕಿ ತೋರಿಸದೆ ಓಡುವಂತೆ ನೇಮಿಸಿದೆ. ಅಲ್ಲಿ ಒಂದು ಚೌಕವನ್ನು ತಪ್ಪದೆ ನೋಡಬೇಕು: ಮೂರು ದಿನಕ್ಕಿಂತ ಹೆಚ್ಚು ಓಡಿದ ಕೆಲಸವನ್ನು ನಿಲ್ಲಿಸು ಎಂಬುದು ಮೊದಲೇ ಗುರುತಾಗಿರುತ್ತದೆ. ಅದನ್ನು ತೆಗೆಯದಿದ್ದರೆ, ಯಂತ್ರವನ್ನು ಆರಿಸದೆ ಬಿಡುವ ಅಂಗಡಿಗಳಲ್ಲಿ ನಾಲ್ಕನೆಯ ದಿನ ಸಿಂಕ್ ಸದ್ದಿಲ್ಲದೆ ಸತ್ತಿರುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಇದೆ. ಉಬುಂಟುವಿನ ತಂತ್ರಾಂಶ ಭಂಡಾರದಲ್ಲಿದ್ದ ಸಿಂಕ್‌ಥಿಂಗ್ ಆವೃತ್ತಿ ಹಳೆಯದಾಗಿದ್ದುದರಿಂದ ಸಿಂಕ್‌ಥಿಂಗ್‌ನವರದೇ ಭಂಡಾರವನ್ನು ಸೇರಿಸಿ ಹಾಕಿಕೊಂಡೆ. ಪ್ರತಿ ಯಂತ್ರಕ್ಕೂ ಏಳೇಳು ಅಕ್ಷರಗಳ ಎಂಟು ಗುಂಪಿನ ಉದ್ದನೆಯ ಗುರುತು ಇರುತ್ತದೆ. ಒಂದರ ಗುರುತನ್ನು ಇನ್ನೊಂದಕ್ಕೆ ಕೊಟ್ಟು, ಎರಡೂ ಕಡೆ ಒಪ್ಪಿಗೆ ಕೊಟ್ಟ ಮೇಲಷ್ಟೇ ನಂಟು ಏರ್ಪಡುತ್ತದೆ. ಇಷ್ಟಾದ ಮೇಲೆ, ಇನ್ನೇನು ಮುಗಿಯಿತು ಎಂದುಕೊಂಡೆ.

ರಾತ್ರಿ ಮನೆಗೆ ಬಂದು ನೋಡಿದರೆ ಒಂದೂ ಕಡತ ಬಂದಿಲ್ಲ. ಕಾರಣ ಹೊಳೆಯಲು ಒಂದು ತಾಸು ಬೇಕಾಯಿತು. ಅಂಗಡಿಯ ಯಂತ್ರ ರಾತ್ರಿ ಎಂಟಕ್ಕೆ ಆರುತ್ತದೆ, ಮನೆಯದು ಒಂಬತ್ತಕ್ಕೆ ಹೊತ್ತುತ್ತದೆ. ನಡುವೆ ಸರ್ವರ್ ಇಲ್ಲದ ಈ ಪದ್ಧತಿಯಲ್ಲಿ ಎರಡೂ ಒಂದೇ ಹೊತ್ತಿನಲ್ಲಿ ಎಚ್ಚರವಾಗಿರಬೇಕು. ನನ್ನ ಯಂತ್ರಗಳು ಪರಸ್ಪರ ಭೇಟಿಯಾಗುವ ಹೊತ್ತೇ ಇರಲಿಲ್ಲ.

ಆಗ ಅಟ್ಟದಿಂದ ಇಳಿದದ್ದು ಕೀಲಿಮಣೆ ಕೆಟ್ಟಿದ್ದ ಹಳೆಯ ಲ್ಯಾಪ್‌ಟಾಪ್. ಅದಕ್ಕೂ ಉಬುಂಟು ಹಾಕಿ, ಮುಚ್ಚಳ ಮುಚ್ಚಿದರೂ ಮಲಗದಂತೆ ಮಾಡಿ, ಮನೆಯ ರೂಟರಿನ ಪಕ್ಕ ಇಟ್ಟೆ. ಈಗ ಅಂಗಡಿಯ ಕೆಲಸ ಹಗಲೆಲ್ಲಾ ಲ್ಯಾಪ್‌ಟಾಪಿಗೆ ಬಂದು ಸೇರುತ್ತದೆ, ರಾತ್ರಿ ಮನೆಯ ಕಂಪ್ಯೂಟರ್ ಅದರಿಂದ ಪಡೆಯುತ್ತದೆ. ಕರೆಂಟು ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಬೇಸಿಗೆಯ ಒಂದು ದಿನ ಕರೆಂಟು ಬಹಳ ಹೊತ್ತು ಹೋಗಿ ಬ್ಯಾಟರಿಯೂ ಬರಿದಾಯಿತು. ಕರೆಂಟು ಬಂದ ಮೇಲೆ ಲ್ಯಾಪ್‌ಟಾಪನ್ನು ಹಚ್ಚಿದೆ, ಆದರೆ ಸಿಂಕ್‌ಥಿಂಗ್ ಏಳಲಿಲ್ಲ. ನಾನು ಅದನ್ನು ಬಳಕೆದಾರನ ಸೇವೆಯಾಗಿ ನೇಮಿಸಿದ್ದೆ. ಅಂಥ ಸೇವೆ ಯಾರಾದರೂ ಲಾಗಿನ್ ಆಗುವ ತನಕ ಕಾಯುತ್ತಾ ಕೂರುತ್ತದೆ. ಲಾಗಿನ್ ಆಗದಿದ್ದರೂ ಆ ಬಳಕೆದಾರನ ಸೇವೆಗಳು ನಡೆಯಲಿ ಎಂದು ಹೇಳುವ ‘ಲಿಂಗರ್’ ಎಂಬ ಸೌಲಭ್ಯವನ್ನು ಚಾಲೂ ಮಾಡಿದ ಮೇಲೆ ಆ ತೊಂದರೆ ಹೋಯಿತು.

ಮೊದಲ ಸಲದ ಹೊರೆ ಸುಮಾರು 140 ಜಿಬಿ ಇತ್ತು. ಅಂಗಡಿಯ ಇಂಟರ್ನೆಟ್ಟಿನಲ್ಲಿ ಅದನ್ನು ಕಳಿಸಲು ಹೊರಟರೆ ವಾರಗಟ್ಟಲೆ ಬೇಕಿತ್ತು. ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ನಕಲು ಮಾಡಿ ತಂದು, ಮೂರೂ ಯಂತ್ರಗಳಲ್ಲಿ ಅದೇ ಜಾಗದಲ್ಲಿಟ್ಟು, ಆಮೇಲೆ ಫೋಲ್ಡರನ್ನು ಹಂಚಿದೆ. ತಂತ್ರಾಂಶ ಎಲ್ಲವನ್ನೂ ತಾಳೆ ನೋಡಿ, ಒಂದೇ ಇದ್ದುದನ್ನು ಬಿಟ್ಟು ಬೇರೆ ಇದ್ದುದನ್ನು ಮಾತ್ರ ಸಾಗಿಸಿತು. ಆಮೇಲೂ ಅಷ್ಟೇ, ದೊಡ್ಡ ಕಡತವನ್ನು ತುಂಡುಗಳಾಗಿ ನೋಡಿ ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸಿಂಕ್ ಆದ ಮೇಲೆ ಒಂದಷ್ಟು ವರ್ಡ್ ಕಡತಗಳು ಲ್ಯಾಪ್‌ಟಾಪಿಗೆ ಬಾರದೆ ದೋಷದ ಪಟ್ಟಿಯಲ್ಲಿ ಉಳಿದವು. ಅವುಗಳಲ್ಲಿ ಒಂದರ ಹೆಸರು ‘ಶತಮಾನೋತ್ಸವ ಸ್ಮರಣ ಸಂಚಿಕೆ ಮೂರನೇ ಕರಡು ಮಾಸ್ತರರು ತಿದ್ದಿದ್ದು ಮುಖಪುಟ ಬಿಟ್ಟು ಅಂತಿಮ ಜೂನ್ ಹನ್ನೆರಡರ ಪ್ರತಿ’. ವಿಂಡೋಸ್ ಇದನ್ನು ಸಲೀಸಾಗಿ ಇಟ್ಟುಕೊಂಡಿತ್ತು. ಅಲ್ಲಿ ಮಿತಿ 255 ಚಿಹ್ನೆಗಳು. ಉಬುಂಟುವಿನ ಡಿಸ್ಕಿನಲ್ಲಿಯೂ ಮಿತಿ 255, ಆದರೆ ಅದು ಬೈಟುಗಳ, ಅಂದರೆ ಡಿಸ್ಕಿನಲ್ಲಿ ಹಿಡಿಯುವ ಜಾಗದ ಲೆಕ್ಕ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು, ಅದೂ ಗುಣಿತ, ಹಲಂತಗಳೆಲ್ಲ ಬೇರೆ ಬೇರೆ ಚಿಹ್ನೆಗಳಾಗಿ. ‘ದ್ದಿ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಡಿಸ್ಕಿಗೆ ನಾಲ್ಕು ಚಿಹ್ನೆ, ಹನ್ನೆರಡು ಬೈಟು. ಹಾಗಾಗಿ 85 ಚಿಹ್ನೆಗಳಿಗೆ ಕನ್ನಡ ಹೆಸರು ಮುಗಿಯಿತು. ಅಂದಿನಿಂದ ದಿನಾಂಕವನ್ನು ಅಂಕಿಯಲ್ಲಿ ಬರೆಯುತ್ತೇನೆ, ಹೆಸರನ್ನು ನಾಲ್ಕೈದು ಪದಕ್ಕೆ ನಿಲ್ಲಿಸುತ್ತೇನೆ.

ಇನ್ನೊಂದು ತೊಡಕು ಇದಕ್ಕಿಂತ ಕಣ್ಣುಕಟ್ಟು. ‘ಪ್ರಿಂಟರ್ಸ್’ ಎಂಬ ಹೆಸರಿನ ಎರಡು ಫೋಲ್ಡರುಗಳು ಅಕ್ಕಪಕ್ಕ ಕುಳಿತಿದ್ದವು. ಒಂದೇ ಹೆಸರು ಎರಡಿರಲು ಸಾಧ್ಯವೇ ಇಲ್ಲ ಎಂದು ತಲೆ ಕೆಡಿಸಿಕೊಂಡೆ. ವಿಷಯ ಏನೆಂದರೆ, ಪದದ ಕೊನೆಯ ಹಲಂತದ ಮುಂದೆ ಕೆಲವು ಕೀಲಿಮಣೆ ತಂತ್ರಾಂಶಗಳು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಅಂಗಡಿಯಲ್ಲೊಂದು, ಮನೆಯಲ್ಲೊಂದು ವಿಧದ ಕೀಲಿಮಣೆ ನನ್ನದು. ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರುಗಳು. ಈಗ ಎರಡೂ ಕಡೆ ಒಂದೇ ಕೀಲಿಮಣೆ ಹಾಕಿಕೊಂಡಿದ್ದೇನೆ.

ಮೂರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಒಮ್ಮೆ ಡಿಸ್ಕಿನಲ್ಲಿ ಜಾಗ ಕಡಿಮೆಯಾಯಿತೆಂದು ಹುಡುಗ ಅಂಗಡಿಯಲ್ಲಿ ಹಳೆಯದೆಂದು ತೋರಿದ ಒಂದು ಫೋಲ್ಡರನ್ನು ಅಳಿಸಿದ. ರಾತ್ರಿ ಮನೆಯಲ್ಲಿ ನೋಡಿದರೆ ಅಲ್ಲಿಯೂ ಇಲ್ಲ. ಸಿಂಕ್ ತನ್ನ ಕೆಲಸವನ್ನು ಕರಾರುವಾಕ್ಕಾಗಿ ಮಾಡಿತ್ತು: ಬರೆದದ್ದನ್ನು ಹೇಗೆ ಒಯ್ಯುತ್ತದೆಯೋ ಅಳಿಸಿದ್ದನ್ನೂ ಹಾಗೆಯೇ ಒಯ್ಯುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಕುತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿತಲ್ಲ, ಅಂಥದ್ದು ಅಂಗಡಿಯ ಯಂತ್ರಕ್ಕೆ ಬಡಿದರೆ ಬೀಗ ಬಿದ್ದ ಕಡತಗಳೇ ಮನೆಗೂ ಬರುತ್ತವೆ. ನನ್ನನ್ನು ಉಳಿಸಿದ್ದು ಲ್ಯಾಪ್‌ಟಾಪಿನಲ್ಲಿ ಚಾಲೂ ಮಾಡಿದ್ದ ಹಳೆಯ ಆವೃತ್ತಿಗಳ ಸಂಗ್ರಹ. ಅದು ತಾನಾಗಿ ಬರುವುದಿಲ್ಲ, ಪ್ರತಿ ಫೋಲ್ಡರಿಗೂ ನಾವೇ ಆರಿಸಬೇಕು. ನಾನು ಆರಿಸಿದ್ದು ಮೆಟ್ಟಿಲು ಪದ್ಧತಿ: ಮೊದಲ ದಿನದ್ದು ತಾಸಿಗೊಂದು, ಮೂವತ್ತು ದಿನದವರೆಗೆ ದಿನಕ್ಕೊಂದು, ಆಮೇಲೆ ವರ್ಷದವರೆಗೆ ವಾರಕ್ಕೊಂದು ಪ್ರತಿ ಉಳಿಯುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬೇರೆ ಯಂತ್ರದಿಂದ ಬಂದ ಬದಲಾವಣೆಗೆ ಮಾತ್ರ ಹಳೆಯ ಪ್ರತಿ ಉಳಿಯುತ್ತದೆ. ಅಂಗಡಿಯಲ್ಲೇ ಕುಳಿತು ಅಂಗಡಿಯ ಕಡತ ಅಳಿಸಿದರೆ ಅಂಗಡಿಯ ಯಂತ್ರ ಏನನ್ನೂ ಉಳಿಸಿಕೊಂಡಿರುವುದಿಲ್ಲ, ಲ್ಯಾಪ್‌ಟಾಪ್ ಉಳಿಸಿಕೊಂಡಿರುತ್ತದೆ.

ಆ ರಾತ್ರಿ ಫೋಲ್ಡರ್ ಸಿಕ್ಕಿತು. ಆದರೂ ನನಗೆ ಸಮಾಧಾನವಾಗಲಿಲ್ಲ. ಲ್ಯಾಪ್‌ಟಾಪಿನ ಡಿಸ್ಕೇ ಸತ್ತರೆ? ಆದ್ದರಿಂದ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಇದಕ್ಕೆ ಚಂದದ ಕಿಟಕಿ, ಗುಂಡಿಗಳಿಲ್ಲ, ಆದೇಶಗಳನ್ನು ಟೈಪ್ ಮಾಡಬೇಕು. ಹೆದರುವಂಥದ್ದು ಏನೂ ಇಲ್ಲ, ಒಮ್ಮೆ ಬರೆದಿಟ್ಟರೆ ಮುಗಿಯಿತು. ಪ್ರತಿ ರಾತ್ರಿ ಎರಡು ಗಂಟೆಗೆ ಅದು ಇಡೀ ಸಂಗ್ರಹದ ಆ ಹೊತ್ತಿನ ಚಿತ್ರವನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಇಳಿಸುತ್ತದೆ. ಒಮ್ಮೆ ಇಳಿಸಿದ ತುಂಡನ್ನು ಮತ್ತೆ ಬರೆಯುವುದಿಲ್ಲವಾದ್ದರಿಂದ ಮೊದಲ ಸಲ ಇಡೀ ರಾತ್ರಿ ಹಿಡಿದದ್ದು ಈಗ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಏಳು ದಿನ, ಐದು ವಾರ, ಹನ್ನೆರಡು ತಿಂಗಳ ಪ್ರತಿಗಳನ್ನು ಉಳಿಸಿ ಉಳಿದದ್ದನ್ನು ತೆಗೆದುಹಾಕು ಎಂದು ಹೇಳಿದ್ದೇನೆ. ಎಲ್ಲವೂ ಗೂಢಲಿಪಿಯಲ್ಲಿರುತ್ತದೆ, ಗುಪ್ತಪದ ಮರೆತರೆ ತೆರೆಯುವ ಬೇರೆ ದಾರಿಯೇ ಇಲ್ಲ. ಹಾಗಾಗಿ ಅದನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಕಪಾಟಿನಲ್ಲಿಟ್ಟು, ನನ್ನ ಹೆಂಡತಿಗೂ ತೋರಿಸಿದ್ದೇನೆ. ಬ್ಯಾಕಪ್ ಮುಗಿದ ಮೇಲೆ ‘ನಿನ್ನೆಯ ಬ್ಯಾಕಪ್’ ಎಂಬ ಸಣ್ಣ ಪಠ್ಯ ಕಡತ ಸಿಂಕ್ ಫೋಲ್ಡರಿಗೇ ಬಂದು ಬೀಳುತ್ತದೆ. ಬೆಳಿಗ್ಗೆ ಅಂಗಡಿಯಲ್ಲಿ ಮೊದಲು ಅದರ ದಿನಾಂಕ ನೋಡುತ್ತೇನೆ.

ಇಂಥ ಡಿಸ್ಕುಗಳು ಎರಡಿವೆ. ಒಂದು ಲ್ಯಾಪ್‌ಟಾಪಿಗೆ ಅಂಟಿಕೊಂಡಿರುತ್ತದೆ, ಇನ್ನೊಂದು ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯ ಟ್ರಂಕಿನಲ್ಲಿ. ತಿಂಗಳಿಗೊಮ್ಮೆ ಹೋದಾಗ ಅದಲು ಬದಲು ಮಾಡುತ್ತೇನೆ. ಮೊದಲ ಸಲ ಕೊಟ್ಟಾಗ ಅಕ್ಕ, ‘ಇದರಲ್ಲಿ ಏನಿದೆಯೋ, ಇಷ್ಟು ಜೋಪಾನ ಮಾಡುತ್ತೀ?’ ಎಂದು ಕೇಳಿದಳು. ಮಾಸ್ತರರ ಕಥೆ ಹೇಳಿದೆ. ಅವಳು ಅದನ್ನು ತನ್ನ ರೇಷ್ಮೆ ಸೀರೆಗಳ ನಡುವೆ ಇಟ್ಟಳು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮರಳಿ ತೆಗೆಯುವ ಕೆಲಸ. ಒಂದು ಭಾನುವಾರ ಪರೀಕ್ಷೆಗೆಂದು ಒಂದು ಹಳೆಯ ಪುಸ್ತಕವನ್ನು ಬ್ಯಾಕಪ್ಪಿನಿಂದ ತೆಗೆದು, ನನ್ನ ಸ್ನೇಹಿತರ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ. ಕಡತ ತೆರೆಯಿತು, ಪುಟಗಳಿದ್ದವು, ಆದರೆ ಕನ್ನಡ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಗುರುತುಗಳೂ ಸೇರಿದ ರಾಶಿ. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಬಾರದ ಹಳೆಯ ಪುಟಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ. ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳು. ಆ ಫಾಂಟುಗಳು ನನ್ನ ಅಂಗಡಿಯ ವಿಂಡೋಸ್ ಫೋಲ್ಡರಿನಲ್ಲಿದ್ದವು, ನಾನು ಬ್ಯಾಕಪ್ ಮಾಡುತ್ತಿದ್ದ ಜಾಗದಲ್ಲಿ ಇರಲಿಲ್ಲ. ಅಂದರೆ ಆ ಯಂತ್ರ ಸುಟ್ಟುಹೋಗಿದ್ದರೆ ನನ್ನ ಬಳಿ ಹತ್ತು ವರ್ಷದ ಕೆಲಸ ಇದ್ದೂ ಓದಲು ಬರುತ್ತಿರಲಿಲ್ಲ. ಅಂದೇ ಸಂಜೆ ಬಳಸಿದ ಪ್ರತಿ ಫಾಂಟನ್ನೂ, ನುಡಿ ತಂತ್ರಾಂಶದ ಅನುಸ್ಥಾಪನೆಯ ಕಡತವನ್ನೂ ಸಿಂಕ್ ಫೋಲ್ಡರಿಗೆ ಸೇರಿಸಿದೆ. ಡಿಟಿಪಿ ಮಾಡುವ ಗೆಳೆಯರು ಬೇರೆ ಏನನ್ನು ಮಾಡದಿದ್ದರೂ ಇದೊಂದನ್ನು ಇಂದೇ ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಕಣ್ಣು ಮುಚ್ಚಿ ಒಂದು ಕೆಲಸವನ್ನು ಆರಿಸಿ ಮರಳಿ ತೆಗೆಯುತ್ತೇನೆ. ಕಳೆದ ಸಲ ಬಂದದ್ದು ಅದೇ ಶತಮಾನೋತ್ಸವ ಸಂಚಿಕೆ. ಅಕ್ಷರಗಳೆಲ್ಲ ಸರಿಯಾಗಿದ್ದವು. ಇಪ್ಪತ್ತೇಳನೆಯ ಪುಟದಲ್ಲಿ ಶಾಲೆಯ ಹಳೆಯ ಕಟ್ಟಡದ ಫೋಟೋ ಇರಬೇಕಾದಲ್ಲಿ ಮಸುಕು ಚೌಕವಷ್ಟೇ ಇತ್ತು. ಆ ಚಿತ್ರವನ್ನು ನಾನು ಪುಸ್ತಕದ ಫೋಲ್ಡರಿನಲ್ಲಿಡದೆ ಅಂಗಡಿಯ ಡೆಸ್ಕ್‌ಟಾಪಿನಿಂದಲೇ ಜೋಡಿಸಿದ್ದೆ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆದೊಡನೆ ಅದನ್ನು ಅದರ ಜಾಗಕ್ಕೆ ಸರಿಸಿ, ಪುಟದಲ್ಲಿ ಮತ್ತೆ ಜೋಡಿಸಿ ಉಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದು ಮನೆಯ ಲ್ಯಾಪ್‌ಟಾಪಿಗೆ ತಲುಪಿತ್ತು.